ಒಂದಕ್ಕೂ ನೂರಕ್ಕೂ ಒಂದೇ ಶಬ್ದ

೧೧ ನವೆಂಬರ್ ೨೦೨೪, ಸೋಮವಾರ. ಇಂಡಿ

ಬೆಳಗಿನ ಬ್ಯಾಚು. ಹಾಜರಿ ಪರವಾಗಿಲ್ಲ. ಕೆಳಗಿನ ದಲಾಲಿ ಅಂಗಡಿಯಲ್ಲಿ ನಿಂಬೆಹಣ್ಣಿನ ಚೀಲ ಸುರುವಿದರು, ಮೇಲೆ ನನ್ನ ಕ್ಲಾಸೆಲ್ಲ ಹುಳಿ ವಾಸನೆ. ಈ ವಾಸನೆಯಲ್ಲೇ ಇಷ್ಟು ವರ್ಷ ಇಂಗ್ಲಿಷು ಮಾರಿದ್ದೇನೆ. ಕೆಳಗೆ ಹಣ್ಣು, ಮೇಲೆ ಮಾತು. ಎರಡೂ ಬಳಸದೆ ಇಟ್ಟರೆ ಒಣಗುವ ಮಾಲು.

ಪುಸ್ತಕದ ಕೊನೆಯ ಪುಟ ತೆಗೆಸಿದೆ. ಏಕವಚನ, ಬಹುವಚನ, ಕಡೆಗೆ ಅಪವಾದಗಳು. ಶೀಪ್, ಡಿಯರ್, ಏರ್‌ಕ್ರಾಫ್ಟ್, ಸೀರೀಸ್. ಒಂದಿದ್ದರೂ ಅದೇ, ನೂರಿದ್ದರೂ ಅದೇ. ಹಿಂದಿನ ಬೆಂಚಿನ ಅಫ್ರೀನ 'ಶೀಪ್ಸ್' ಅಂದಳು. ತಿದ್ದಿದೆ. ಹುಡುಗಿ ಬಿಡುವವಳಲ್ಲ. ಎಸ್ ಹಚ್ಚದಿದ್ದರೆ ಕುರಿ ಒಂದೋ ಹಿಂಡೋ ಹೇಗೆ ತಿಳಿಯಬೇಕು ಅಂತ ಕೇಳಿದಳು. ಅಕ್ಕಪಕ್ಕದ ಶಬ್ದ ನೋಡು, 'ದಿಸ್' ಇದ್ದರೆ ಒಂದು, 'ದೀಸ್' ಇದ್ದರೆ ಹಲವು ಅಂದೆ. ಉತ್ತರ ಸರಿ. ಆದರೆ ಜಯತೀರ್ಥ ಸರ್ ನಮಗೆ ಇದನ್ನು ಹೀಗೆ ಹೇಳಿಕೊಟ್ಟಿರಲಿಲ್ಲ. ಹೇಗೆ ಹೇಳಿಕೊಟ್ಟಿದ್ದರು... ನೆನಪಾಗಲಿಲ್ಲ. ಗಂಟೆ ಆಯಿತು.

ಹುಡುಗರು ಇಳಿಯುತ್ತಿದ್ದಾರೆ, ಅವರ ನಡುವೆ ಒಂದು ಕಚ್ಚೆ ಸೀರೆ ಮೇಲೆ ಹತ್ತುತ್ತಿದೆ. ಗೋದೂಕಾಕು. ಜಯತೀರ್ಥ ಸರ್ ಅವರ ಮನೆಯವರು. ಎಪ್ಪತ್ತಾರು ದಾಟಿದೆ. ಸರ್‌ಗೆ ಏನೋ ಆಯಿತು ಅಂದುಕೊಂಡು ಓಡಿ ಹೋಗಿ ಕೈ ಹಿಡಿದೆ. ಕೂತು ಉಸಿರು ತೆಗೆದುಕೊಂಡು, ಬೋರ್ಡಿನ ಮೇಲಿನ ಅಕ್ಷರ ನೋಡುತ್ತ ಅಂದರು:

"ಸುವರ್ಣಾ, ನನಗ ಇಂಗ್ಲಿಷ್ ಕಲಸ್ತೀ ಏನು?"

ನಗು ಬಂತು. ಅವರ ಮುಖ ನೋಡಿ ನುಂಗಿದೆ.

ವಿಷಯ ಇದು. ಶ್ರಾವಣದಲ್ಲಿ ಸರ್‌ಗೆ ಲಕ್ವಾ ಹೊಡೆಯಿತು, ಬಲಗೈ ಬಿತ್ತು, ಮಾತು ನಿಂತಿತು. ಅದು ನನಗೆ ಗೊತ್ತಿತ್ತು. ದಸರೆಯ ಹೊತ್ತಿಗೆ ಮಾತು ತಿರುಗಿ ಬಂತು. ಬಂದದ್ದು ಇಂಗ್ಲಿಷ್ ಒಂದೇ. ಮನೆಯ ಮರಾಠಿ ಇಲ್ಲ, ಓಣಿಯ ಕನ್ನಡ ಇಲ್ಲ. ಹೀಗೂ ಆಗುತ್ತದೆ, ಯಾವುದು ಮೊದಲು ಬರುತ್ತದೆ ಹೇಳಲಾಗದು ಅಂದರಂತೆ ಸೊಲ್ಲಾಪುರದ ಡಾಕ್ಟರು. ಇನ್ನೊಂದು ಹೊಡೆತ ಯಾವಾಗ ಬೇಕಾದರೂ ಬರಬಹುದು ಅಂತಲೂ ಅಂದರಂತೆ. ಈಗ ಗಂಡ ಹೆಂಡತಿ ಮಾತಾಡಬೇಕಾದರೆ ನಡುವೆ ಮಗ ಪಾರ್ಥ ನಿಲ್ಲಬೇಕು. ವಕೀಲ. ಕೋರ್ಟಿಗೆ ಹೋದರೆ ಮನೆಯಲ್ಲಿ ಮಾತೇ ಬಂದ್.

"ಪಾರ್ಥ ಇದ್ದಾನಲ್ರಿ," ಅಂದೆ.

"ಇದ್ದಾನ. ನಾ ನಾಕ ಮಾತು ಹೇಳಿದ್ರ ಅವ ಒಂದು ದಾಟಸ್ತಾನ. ಅವರು ಇಷ್ಟುದ್ದ ಹೇಳಿದ್ರ 'ಆರಾಮ ಇದ್ದಾರಂತ ಆಯಿ' ಅಂತಾನ. ನಡುವ ಇಷ್ಟು ದಲಾಲಿ ಹೊಡದ್ರ ನನಗೇನು ಉಳೀತದ?"

ಕೆಳಗಿನ ಅಂಗಡಿಯವನಿಗೆ ಕೇಳಿಸಬೇಕಿತ್ತು.

೧೨ ನವೆಂಬರ್, ಮಂಗಳವಾರ

ಸರ್ ಅವರನ್ನು ನೋಡಿ ಬಂದೆ. ಪಡಸಾಲೆಯ ಕಿಟಕಿಗೆ ಹಚ್ಚಿ ಅವರು ಮಲಗುವ ಕಾಟು ಹಾಕಿದ್ದಾರೆ. ನಾವೆಲ್ಲ ಚಾಪೆ ಹಾಸಿಕೊಂಡು ಕೂಡುತ್ತಿದ್ದ ಪಡಸಾಲೆ. ನನ್ನನ್ನು ನೋಡಿದವರೇ, "ಕಮ್ ಇನ್. ಲೇಟ್ ಅಗೇನ್," ಅಂದರು. ನಲವತ್ತು ವರ್ಷದ ನಂತರವೂ ನಾನು ಲೇಟು. ಕಣ್ಣು ತುಂಬಿತು. ಹಾಸ್ಟೆಲಿನಿಂದ ಓಡಿ ಬರುತ್ತಿದ್ದುದು, ಸಾಲಿನ ಕೊನೆಗೆ ಸದ್ದಿಲ್ಲದೆ ಕೂಡುತ್ತಿದ್ದುದು, ಸರ್ ತಲೆ ಎತ್ತದೆ ಇದೇ ಮಾತು ಅನ್ನುತ್ತಿದ್ದುದು. ಇಂಗ್ಲಿಷು ತುಂಡುತುಂಡಾಗಿದೆ, ಆದರೆ ಉಚ್ಚಾರ ಅದೇ, ಇಸ್ತ್ರಿ ಮಾಡಿದ ಹಾಗೆ.

ಆಮೇಲೆ ಅದನ್ನು ಕಂಡೆ. ಕಾಕು ಚಹಾ ತಂದರು. ಮರಾಠಿಯಲ್ಲಿ ಏನೋ ಸಣ್ಣ ಮಾತು, ಸಕ್ಕರೆ ಕಡಿಮೆ ಹಾಕಿದ್ದೇನೆ ಅಂತ. ಸರ್ ಗೋಡೆಯ ಕಡೆ ಮುಖ ತಿರುಗಿಸಿದರು. ಕಾಕು ಬಸಿಯಲ್ಲಿ ಚಹಾ ಆರಿಸುತ್ತ ನಿಂತರು. ಆರಿದ ಮೇಲೂ ಆರಿಸುತ್ತಲೇ ಇದ್ದರು.

ಹಿತ್ತಲಿನಲ್ಲಿ ನನ್ನನ್ನು ಕರೆದು ಅಂದರು: "ನೋಡಿದ್ಯಾ? ನಾ ಬಾಯಿ ತಗದ್ರ ಹಿಂಗ ಮಾಡ್ತಾರ. ಯಾಕ ಮಾರಿ ತಿರಗಸ್ತೀರಿ ಅಂತ ಅವರನ್ನ ಕೇಳಬೇಕು ನಾನು. ಇದನ್ನ ಮಗನ ಕಡಿಂದ ಕೇಳಸ್ಲಿಕ್ಕೆ ಬರ್ತದೇನು?"

ಬರುವುದಿಲ್ಲ.

ಇಷ್ಟೇ ಅವರ ಸಿಲೆಬಸ್ಸು. ಒಂದು ಪ್ರಶ್ನೆ. ಕಲಿಸುತ್ತೇನೆ ಅಂದೆ. ಸೊಸೆ ರಂಜನಾಗೆ ಮಾತ್ರ ಗೊತ್ತಿರಲಿ ಅಂತಾಯಿತು. ಪಾರ್ಥನಿಗೆ ಮಠಕ್ಕೆ ಹೋಗಿದ್ದಾರೆ ಅಂತ ಹೇಳುವುದು.

೧೪ ನವೆಂಬರ್, ಗುರುವಾರ. ಸಿಂದಗಿ

ವಾರದ ನನ್ನ ಸುತ್ತು: ಗುರುವಾರ ಸಿಂದಗಿ, ಶುಕ್ರವಾರ ಮುದ್ದೇಬಿಹಾಳ, ಶನಿವಾರ ಬಾಗೇವಾಡಿ, ಉಳಿದ ದಿನ ಇಂಡಿ. ಬಸ್ಸಿನಲ್ಲಿ ಕಳೆದ ಆಯುಷ್ಯ ಕೂಡಿದರೆ ಒಂದು ಸಂಸಾರ ಆಗುತ್ತಿತ್ತು.

ಇವತ್ತು ಕಂಡಕ್ಟರು ಕಾಂತು. ನನ್ನ ಜೊತೆ ಅದೇ ಪಡಸಾಲೆಯಲ್ಲಿ ಕೂತವನು. ಟಿಕೆಟ್ ಕೇಳಲಿಲ್ಲ, ಮೊದಲು ಒಂದು ಬೆರಳು ಎತ್ತಿದ. ನಾನು "ಶೀಪ್" ಅಂದೆ. ಐದೂ ಬೆರಳು ಬಿಚ್ಚಿದ. "ಶೀಪ್." ಪಕ್ಕದ ಸೀಟಿನ ಮುದುಕಿ ಇಬ್ಬರನ್ನೂ ನೋಡಿ ಗಂಟು ಹತ್ತಿರ ಎಳೆದುಕೊಂಡಳು.

ಇದು ಜಯತೀರ್ಥ ಸರ್ ಅವರ ಹುಡುಗರ ರಾಮರಾಮ. ನಾಲ್ಕೂ ತಾಲೂಕಿನಲ್ಲಿ ನಡೆಯುತ್ತದೆ. ದಿನಾ ಸಂಜೆ ಕ್ಲಾಸು ಮುಗಿಯುವಾಗ ಸರ್ ಒಂದು ಬೆರಳು ಎತ್ತುತ್ತಿದ್ದರು, ನಾವು "ಶೀಪ್." ಅಂಗೈ ಬಿಚ್ಚುತ್ತಿದ್ದರು, "ಶೀಪ್." ಆಮೇಲೆ ಡಿಯರ್, ಆಮೇಲೆ ಫಿಶ್. ಯಾರ ಬಾಯಿಂದಾದರೂ ಎಸ್ ಜಾರಿತೋ, ಎಲ್ಲರೂ ಮೊದಲಿನಿಂದ. ಹಸಿದ ಹೊಟ್ಟೆಯಲ್ಲಿ ಎಸ್ ಜಾರಿಸಿದವನ ಗತಿ ಓಣಿಯಲ್ಲಿ ಕೇಳಬಾರದು.

ಬಸ್ಸಿನಲ್ಲಿ ಅದೂ ನೆನಪಾಯಿತು — ಸೋಮವಾರ ನಾಲಿಗೆಯ ತುದಿಗೆ ಬಂದು ನಿಂತದ್ದು. ಎಂಬತ್ತಮೂರನೇ ಇಸವಿ. ನನ್ನ ಮೊದಲ ದಿನ. ಚಡಚಣದ ಕಡೆಯ ಹಳ್ಳಿಯ ಹುಡುಗಿ, ಹಾಸ್ಟೆಲಿನ ಲಂಗ, ಇಂಗ್ಲಿಷೆಂದರೆ ಮೈ ನಡುಕ. ಸರ್ ಪುಸ್ತಕ ಮುಟ್ಟಲಿಲ್ಲ. ನಿಮ್ಮೂರಲ್ಲಿ ಕುರಿ ಇವೆಯೇ, ಎಷ್ಟಿವೆ ಅಂತ ಕೇಳಿದರು. "ಇನ್ನೂರ ಕುರಿ ಅದಾವ್ರಿ ಸರ," ಅಂದೆ.

"ನೋಡು, ಇನ್ನೂರ 'ಕುರಿಗಳು' ಅನ್ನಲಿಲ್ಲ ನೀನು. ಇನ್ನೂರ ಕುರಿ ಅಂದಿ. ಇಂಗ್ಲಿಷರೂ ಹಂಗ ಅಂತಾರ. ಅವರ ಭಾಷಾದಾಗ ಒಂದಿಷ್ಟು ಶಬ್ದ ನಮ್ಮೂರವು ಅವ. ಮೊದಲ ಅವನ್ನ ಮಾತಾಡಿಸಿಕೊಂಡ ಬಾ. ಉಳದವರ ಪರಿಚಯ ಆಮ್ಯಾಲೆ."

ಅಷ್ಟೇ. ಹೊಸ ಊರಿಗೆ ಹೋದಾಗ ನಮ್ಮ ಕಡೆಯವರ ಮನೆ ಸಿಕ್ಕ ಹಾಗಾಗಿತ್ತು. ಆ ರಾತ್ರಿ ಹಾಸ್ಟೆಲಿನಲ್ಲಿ ಹೆದರದೆ ಮಲಗಿದೆ.

ಸರ್ ಮೊದಲ ದಿನ ಕಲಿಸುತ್ತಿದ್ದುದನ್ನು ನಾನು ಕೊನೆಯ ಪುಟದಲ್ಲಿ ಅಪವಾದ ಅಂತ ಕಲಿಸುತ್ತಿದ್ದೇನೆ. ಪುಸ್ತಕದಲ್ಲಿ ಹಾಗಿದೆ ಅಂತ.

ಕಾಂತು ಕೇಳಿದ, ಸರ್ ಹೇಗಿದ್ದಾರೆ ಅಂತ. ಹೋಗಿ ನೋಡು ಅಂದೆ. ಆ ಬಾಯಿ ಸುಮ್ಮನಿರುವುದನ್ನು ನೋಡಲಾಗುವುದಿಲ್ಲ ಅಂದ. ಸುಮ್ಮನಿಲ್ಲ, ಇಂಗ್ಲಿಷ್ ಮಾತಾಡುತ್ತಿದೆ ಅಂದೆ. ಹಾಗಾದರೆ ಇನ್ನೂ ಕಷ್ಟ ಅಂದ, ರೈಟ್ ರೈಟ್ ಅಂತ ಬಾಗಿಲು ಬಡಿದು ಮುಂದೆ ಹೋದ.

೧೮ ನವೆಂಬರ್, ಸೋಮವಾರ. ಇಂಡಿ

ಕಾಕುವಿನ ಮೊದಲ ಪಾಠ. ಎಬಿಸಿಡಿ ಇಲ್ಲ, ಪುಸ್ತಕ ಇಲ್ಲ. ಬದಲಾಗದ ಶಬ್ದಗಳಿಂದ ಶುರು. ಅವರಿಗೆ ತಪ್ಪಿನ ಭಯ ಬಹಳ. ಐವತ್ತೈದು ವರ್ಷ ಊರಿನ ಮಕ್ಕಳ ತಪ್ಪು ತಿದ್ದಿದವರ ಹೆಂಡತಿ, ತಪ್ಪು ಮಾತಾಡಿದರೆ ಹೇಗೆ ಅಂತ. ಈ ಶಬ್ದಗಳಲ್ಲಿ ಒಂದು–ಹಲವು ತಪ್ಪಲು ಜಾಗವೇ ಇಲ್ಲ ಅಂದೆ. ಸಮಾಧಾನವಾಯಿತು.

ಮೊದಲನೆಯದು 'ಫಿಶ್.' ಅರ್ಥ ಹೇಳಿ ನಾಲಿಗೆ ಕಚ್ಚಿಕೊಂಡೆ. ಈರುಳ್ಳಿ ಮುಟ್ಟದ ಮನೆ. ಮೊದಲ ಶಬ್ದವೇ ಮೀನು.

"ಇರಲಿ ಬಿಡು," ಅಂದರು. "ದೇವರ ಮೊದಲನೇ ಅವತಾರಾನೂ ಅದ."

ಡಿಯರ್ ಅಂದರೆ ಜಿಂಕೆ ಅಂದಾಗ ತಲೆಯಾಡಿಸಿದರು. ಒಂದು ಜಿಂಕೆಯ ಬೆನ್ನು ಹತ್ತಿ ಹೋದದ್ದಕ್ಕೇ ಅಷ್ಟು ಅನಾಹುತವಾಯಿತು, ಬಹಳ ಜಿಂಕೆ ಕಲಿತು ಏನು ಮಾಡಲಿ ಅಂದರು. ಏರ್‌ಕ್ರಾಫ್ಟ್ ಬೇಡವೆಂದರು, ಹತ್ತುವವರಿಗೆ ಕಲಿಸು ಅಂತ. ಸೀರೀಸ್ ಗೊತ್ತಿತ್ತು. ಪಾರ್ಥ ಟಿವಿ ಮುಂದಿನಿಂದ ಏಳದಿದ್ದರೆ ರಂಜನಾ ಬೈಯುವ ಶಬ್ದವಂತೆ.

ಆಮೇಲೆ ಶೀಪ್. ಬೆರಳು ಎತ್ತಿದೆ. ನಾನು ಹೇಳಿಕೊಡುವ ಮೊದಲೇ ಕಾಕು ಕಣ್ಣು ಮುಚ್ಚಿ ಇಡೀ ಸರಣಿ ಅಂದುಬಿಟ್ಟರು. ಶೀಪ್, ಶೀಪ್, ಡಿಯರ್, ಡಿಯರ್... ನಮ್ಮ ಕ್ಲಾಸಿನ ರಾಗದಲ್ಲಿ, ನಡುವೆ ಸರ್ ಕೆಮ್ಮುತ್ತಿದ್ದ ಜಾಗ ಬಿಟ್ಟು. ಒಂದಕ್ಕೂ ಅರ್ಥ ಗೊತ್ತಿಲ್ಲ. ಸಂಜೆ ದೀಪ ಹಚ್ಚುವಾಗ ಪಡಸಾಲೆಯಿಂದ ಒಳಗೆ ಕೇಳಿಸುತ್ತಿತ್ತಂತೆ. ಸ್ತೋತ್ರ ಬಾಯಿಪಾಠ ಮಾಡಿದವರ ಕಿವಿ.

ಸರ್ ಯಾವತ್ತೂ ನಿಮಗೆ ಕಲಿಸಲಿಲ್ಲವೇ ಅಂತ ಕೇಳಿದೆ. ಮನೆಯೊಳಗೆ ಇಂಗ್ಲಿಷ್ ತರುತ್ತಿರಲಿಲ್ಲವಂತೆ. ಇಂಗ್ಲಿಷು ಪಡಸಾಲೆಯದು, ಮರಾಠಿ ಒಳಮನೆಯದು. ಹೊಸ್ತಿಲು ದಾಟಿದರೆ ಬರೀ ಇವರ ಮಾತು, ಅವರು ಹೂಂಗುಟ್ಟುವುದು. "ನಾ ಬಡಬಡ ಅಂತಿದ್ದೆ, ಅವರು ಹೂಂ ಹೂಂ ಅಂತಿದ್ದರು. ಹಂಗ ನಡೀತು ನಮ್ಮ ಸಂಸಾರ."

೩ ಡಿಸೆಂಬರ್, ಮಂಗಳವಾರ

ಕಾಕು ಮೆಟ್ಟಿಲಲ್ಲೇ ಹೇಳಲು ಶುರುಮಾಡಿದರು. ಬೆಳಿಗ್ಗೆ ಸರ್ ಅವರ ತಲೆ ಬಾಚಿಕೊಡುವಾಗ ಧೈರ್ಯ ಮಾಡಿ "ಫಿಶ್" ಅಂದರಂತೆ. ಸರ್ ಗೋಡೆ ಬಿಟ್ಟು ಇವರ ಕಡೆ ತಿರುಗಿದರು. ಬಹಳ ಹೊತ್ತು ನೋಡಿದರು. ಎಡಗೈಯ ಒಂದು ಬೆರಳು ಎತ್ತಿದರು. ಇವರು "ಫಿಶ್." ಅಂಗೈ ಬಿಚ್ಚಿದರು. "ಫಿಶ್." ಆಗ ಸರ್ ತುಟಿಯ ಒಂದು ಬದಿ ನಕ್ಕಿತಂತೆ. "ಗುಡ್. ಸಿಟ್ ಡೌನ್," ಅಂದರಂತೆ.

"ಮದುವಿ ಆದಾಗಿಂದ ಮೊದಲನೇ ಸಲ ನನಗ ಕೂಡು ಅಂದ್ರು ನೋಡು," ಅಂದರು ಕಾಕು. ನಕ್ಕರು, ಸೆರಗಿನಿಂದ ಕಣ್ಣು ಒರೆಸಿದರು. ಎರಡೂ ಒಟ್ಟಿಗೆ.

ನನಗೂ ಹಿಗ್ಗು. ಈ ವರ್ಷದ ರಿಸಲ್ಟು ಇದೊಂದೇ ಸಾಕು. ಇನ್ನು ಪ್ರಶ್ನೆಗೆ ಕೈ ಹಾಕಬೇಕು. ನಾಲ್ಕು ಶಬ್ದದ್ದು ಆಗದು, ಐದಾದರೂ ಬೇಕು. ವಾಯ್ ಡು ಯು ಟರ್ನ್ ಅವೇ.

೬ ಡಿಸೆಂಬರ್, ಶುಕ್ರವಾರ

ಮುದ್ದೇಬಿಹಾಳಕ್ಕೆ ರಜೆ. ಊರಿಗೆ ಬಂದಿದ್ದೇನೆ. ವರ್ಷವೂ ಈ ದಿನ ಬರುತ್ತೇನೆ, ಬಾಬಾಸಾಹೇಬರ ಫೋಟೋದ ಮುಂದೆ ಅಪ್ಪನ ಜೊತೆ ಮೇಣದಬತ್ತಿ ಹಚ್ಚಲು. ಅಪ್ಪ ಧರ್ಮರಾಜ, ಬದುಕೆಲ್ಲ ಕಂಡವರ ದ್ರಾಕ್ಷಿ ತೋಟದಲ್ಲಿ ಬಳ್ಳಿ ಸವರಿದವನು. ಕೈಯಲ್ಲಿ ಕತ್ತರಿ ಇಲ್ಲದಿದ್ದರೂ ಬೆರಳು ಈಗಲೂ ಹಾಗೇ ಮಡಚಿರುತ್ತವೆ. ಸರ್ ವಿಷಯ ಹೇಳಿದೆ. ಅಪ್ಪ ಕೇಳಿದ:

"ಹಂಗಾರ ಅವರ ಮನಿ ಮಾತು ಎಲ್ಲಿ ಕುಂತೈತವ್ವಾ ಈಗ?"

ಕಡ್ಡಿ ಗೀರಿ ಮೇಣದಬತ್ತಿ ಹಚ್ಚಿದೆ.

೧೭ ಡಿಸೆಂಬರ್, ಮಂಗಳವಾರ. ಇಂಡಿ

ಹನ್ನೊಂದು ದಿನ ಬರೆದಿಲ್ಲ. ನಾಲ್ಕೂ ಊರಿನಲ್ಲಿ ಪರೀಕ್ಷೆಯ ಗಡಿಬಿಡಿ. ನಡುವೆ ಸರ್‌ಗೆ ತಲೆ ಸುತ್ತಿ ಸೊಲ್ಲಾಪುರಕ್ಕೆ ಕರೆದುಕೊಂಡು ಹೋಗಿದ್ದರು. ತಿರುಗಿ ಬಂದಿದ್ದಾರೆ. ಊಟ ಕಡಿಮೆಯಾಗಿದೆ ಅಂದಳು ರಂಜನಾ. ಮನೆ ಬಹಳ ಶಾಂತವಾಗಿದೆ ಅಂತಲೂ ಅಂದಳು.

ಕಾಕು ಪ್ರಶ್ನೆಯನ್ನು ಹಿಡಿದು ಕೂತಿದ್ದಾರೆ. 'ಅವೇ' ಅನ್ನುವಾಗ ಪ್ರತಿಸಲ ಕೈಯಿಂದ ಗೋಡೆ ತೋರಿಸುತ್ತಾರೆ. ಇಲ್ಲಿ ಅದು ಕೆಳಗಿನ ಅಂಗಡಿಯ ಖಾಲಿ ಚೀಲ ಒಟ್ಟಿದ ಗೋಡೆ.

೨೩ ಡಿಸೆಂಬರ್, ಸೋಮವಾರ

ಕೇಳಿಬಿಟ್ಟರು.

ಮಧ್ಯಾಹ್ನ ಬಾಗಿಲಿಗೆ ಬಂದು ನಿಂತವರು ಮಾತಾಡಲೊಲ್ಲರು. ತುಟಿ ಮಾತ್ರ ಅಲ್ಲಾಡುತ್ತಿದೆ. ಕೈ ಅಡ್ಡ ಹಿಡಿದು ನನ್ನನ್ನೂ ಸುಮ್ಮನಿರಿಸಿದರು. ನನಗೆ ಸುಮ್ಮನಿರುವುದು ಎಷ್ಟು ಕಷ್ಟ ಅಂತ ನನ್ನ ಕ್ಲಾಸಿನವರಿಗೆ ಗೊತ್ತು. ಕೂತ ಮೇಲೆ ಅಂದರು: "ಕೇಳಿದೆ. ಹೇಳಿದ್ರು. ಬಹಳ ಹೇಳಿದ್ರು. ಒಂದೂ ತಿಳೀಲಿಲ್ಲ ನನಗ."

ಕಪಾಳಕ್ಕೆ ಹೊಡೆದ ಹಾಗಾಯಿತು. ಪ್ರಶ್ನೆ ಕೇಳಲು ಕಲಿಸಿದೆ. ಉತ್ತರ ಬರುತ್ತದೆ ಅನ್ನುವುದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ನನ್ನ ಬೋರ್ಡಿನ ಮೇಲೆ 'ಸ್ಪೋಕನ್ ಇಂಗ್ಲಿಷ್' ಅಂತ ಇದೆ. ಮಾತಾಡಿದ್ದನ್ನು ಕೇಳಿಸಿಕೊಳ್ಳುವುದಕ್ಕೆ ಯಾವ ಬೋರ್ಡೂ ಇಲ್ಲ.

ಪಾರ್ಥ ಕೋರ್ಟಿನಲ್ಲಿ, ರಂಜನಾ ಗಿರಣಿಗೆ ಹೋಗಿದ್ದಳು. ಮನೆಯಲ್ಲಿ ಯಾರೂ ಕೇಳಿಸಿಕೊಂಡಿಲ್ಲ. ಉತ್ತರ ಹೋಯಿತು ಅಂದುಕೊಂಡೆ. ಕಾಕು ತಲೆಯಾಡಿಸಿ ಕಣ್ಣು ಮುಚ್ಚಿದರು. ಮಂತ್ರ ಅಂದ ಹಾಗೆ, ಸರ್ ಎಲ್ಲೆಲ್ಲಿ ತಡೆದರೋ ಅಲ್ಲಲ್ಲೇ ತಡೆದು, ಅಂದರು:

"ಐ ಫಾಲೋ... ಎವರಿ ವರ್ಡ್. ಆನ್ಸರ್... ಡಸಂಟ್ ಕಮ್. ಇನ್ ಫ್ರಂಟ್ ಆಫ್ ಯೂ... ಶೇಮ್. ಸೋ... ವಾಲ್. ಯೂ ಕೀಪ್ ಟಾಕಿಂಗ್, ಗೋದೂ."

ಮನೆಯಿಂದ ಇಲ್ಲಿಯವರೆಗೆ ಇದನ್ನೇ ಅನ್ನುತ್ತ ಬಂದಿದ್ದಾರೆ. ದಾರಿಯಲ್ಲಿ ಯಾರು ಮಾತಾಡಿಸಿದರೂ ನಿಂತಿಲ್ಲ, ಮರೆತುಹೋದೀತು ಅಂತ.

ಇಲ್ಲಿ ಕನ್ನಡದಲ್ಲಿ ಬರೆದಿಡುತ್ತೇನೆ. ನಿನ್ನ ಒಂದೊಂದು ಮಾತೂ ನನಗೆ ತಿಳಿಯುತ್ತದೆ. ಉತ್ತರ ಬರುವುದಿಲ್ಲ. ನಿನ್ನ ಎದುರಿಗೆ ನಾಚಿಕೆ. ಅದಕ್ಕೇ ಗೋಡೆ. ನೀನು ಮಾತಾಡುತ್ತಲೇ ಇರು, ಗೋದೂ.

ಹೇಳಲು ಬಾಯಿ ತೆರೆದೆ. ಕಾಕು ಮತ್ತೆ ಕೈ ಅಡ್ಡ ಹಿಡಿದರು.

"ನೀ ಹೇಳಬ್ಯಾಡ. ನೀ ಹೇಳಿದ್ರ ಪಾರ್ಥ ಹೇಳಿದ್ಹಂಗ ಆತು. ನನಗ ಹೇಳ್ಯಾರ. ನಾನ ತಿಳಕೋಬೇಕು. ಒಂದೊಂದ ಶಬ್ದ ಕಲಸು."

"ಕಾಕು, ಟೈಮ್ ಹಿಡಿತೈತ್ರಿ."

"ಹಿಡೀಲಿ."

ಒಂದು ಮಾತು ಕೇಳದೆ ಇರಲಾಗಲಿಲ್ಲ. ಈಗ ಮನೆಯಲ್ಲಿ ಅವರ ಜೊತೆ ಮರಾಠಿ ಮಾತಾಡುತ್ತೀರೋ ಇಲ್ಲವೋ ಅಂದೆ. ಬಿಟ್ಟು ತಿಂಗಳಾಯಿತು ಅಂದರು. ಮುಖ ತಿರುಗಿಸುತ್ತಾರಲ್ಲ, ಯಾಕೆ ತ್ರಾಸ ಕೊಡುವುದು. ಈಗ ಬರೀ ಇಂಗ್ಲಿಷು. ಫಿಶ್, ಶೀಪ್, ಗುಡ್ ಮಾರ್ನಿಂಗ್. ಉಳಿದ ಹೊತ್ತು ಸುಮ್ಮನೆ ಹತ್ತಿರ ಕೂಡುತ್ತಾರೆ.

ಮನೆ ಶಾಂತವಾದದ್ದು ಯಾಕೆ ಅಂತ ಗೊತ್ತಾಯಿತು. ಊಟ ಬಿಟ್ಟದ್ದೂ. ಮಾತಾಡುತ್ತಿರು ಅನ್ನುವವರ ಎದುರಿಗೆ ಕಾಕು ಮಾತು ನಿಲ್ಲಿಸಿ ಕೂತಿದ್ದಾರೆ, ನಿಲ್ಲಿಸಿ ಇಂಗ್ಲಿಷು ಕಲಿಯುತ್ತಿದ್ದಾರೆ. ಕಲಿಸುತ್ತಿರುವವಳು ನಾನು.

೨೪ ಡಿಸೆಂಬರ್, ಮಂಗಳವಾರ

ಮೊದಲ ಶಬ್ದ, ಫಾಲೋ. ಮುಂದೆ ಮುಂದೆ ನಡೆದು ತೋರಿಸಿದೆ, ಹಿಂದೆ ಬರಲು ಹೇಳಿದೆ. "ಹಿಂದ ಬರೂದು" ಅಂದರು. ಮಾತಿನ ಹಿಂದೆ ಬರುವುದು, ಅಂದರೆ ತಿಳಿಯುವುದು ಅಂತ ಬಿಡಿಸಿದೆ. ತಲೆಯಾಡಿಸಿದರು. 'ಎವರಿ ವರ್ಡ್' ನಾಳೆಗೆ ಅಂದರು. ಒಮ್ಮೆಲೇ ಬಹಳ ಕಲಿತರೆ ನಿಲ್ಲುವುದಿಲ್ಲವಂತೆ.

ಉಪಾಯ ಮಾಡಿದೆ: "ಕಾಕು, ಕಡೀ ಮಾತಿಂದ ಸುರು ಮಾಡೋಣೇನ್ರಿ? ಅದು ಸಲೀಸ ಐತಿ."

"ಸ್ತೋತ್ರ ಕಡೀಂದ ಅಂತಾರೇನು?"

ಸೋತೆ.

೨೬ ಡಿಸೆಂಬರ್, ಗುರುವಾರ. ಇಂಡಿ

ಸಿಂದಗಿಗೆ ಹೋಗಲಿಲ್ಲ. ನಾಳೆ ಮುದ್ದೇಬಿಹಾಳಕ್ಕೂ ಇಲ್ಲ. ಹುಡುಗರಿಗೆ ಜ್ವರ ಅಂತ ಮೆಸೇಜು ಹಾಕಿದೆ. ಇಪ್ಪತ್ತು ವರ್ಷದಲ್ಲಿ ಇಂಥ ರಜೆ ಹಾಕಿದವಳಲ್ಲ. ಕಾಕುಗೆ ದಿನಾ ಎರಡು ಹೊತ್ತು ಪಾಠ. ಇವತ್ತು 'ಆನ್ಸರ್ ಡಸಂಟ್ ಕಮ್' ಮುಗಿಯಿತು. ಅವರು ಕಿಟಕಿಯ ಹೊರಗೆ ನೋಡಿದರು. "ಬರೂದಿಲ್ಲಂತ," ಅಂತ ತಮ್ಮಷ್ಟಕ್ಕೆ ಅಂದರು.

ಸಂಜೆ ಪಾರ್ಥ ಸಿಕ್ಕ. ಎಲ್ಲ ಗೊತ್ತಾಗಿದೆ ಅವನಿಗೆ, ವಕೀಲನಿಗೆ ಮಠದ ಸುಳ್ಳು ಎಷ್ಟು ದಿನ. ಸಿಟ್ಟಿರಲಿಲ್ಲ. "ಸುವರ್ಣಕ್ಕ, ನಮ್ಮ ಬಾಬಾ ಇವತ್ತ ಎರಡ ತುತ್ತು ಉಂಡ್ರು. ಡಾಕ್ಟರ್ ಮತ್ತ ಕರಕೊಂಡ ಬರ್ರಿ ಅಂದಾರ," ಅಂದ. ಅವನಿಗೆ ಹೇಳಿಬಿಡಲೇ? ಅವನು ತಾಯಿಗೆ ಹೇಳಲಿ, ತಾಯಿ ಬಾಯಿ ತೆರೆಯಲಿ, ಅಲ್ಲಿಗೆ ಮುಗಿಯಿತು. ನಾಲಿಗೆಯ ಮೇಲೆ ಬಂದಿತ್ತು. ಆದರೆ ಆ ಮಾತು ಹೇಳಿದ್ದು ಗೋದೂಗೆ. ನನಗೂ ಅಲ್ಲ, ಪಾರ್ಥನಿಗೂ ಅಲ್ಲ.

ಹೇಳಲಿಲ್ಲ. ಇಷ್ಟರಲ್ಲಿ ಏನಾದರೂ ಆದರೆ ನಾನು ಯಾರಿಗೆ ಮುಖ ತೋರಿಸಲಿ? ಹೇಳಿದರೂ ತಪ್ಪು, ಬಿಟ್ಟರೂ ತಪ್ಪು. ಯಾವ ಕಡೆ ಬರೆದರೂ ಲೆಕ್ಕ ಕೂಡಲೊಲ್ಲದು.

೨೮ ಡಿಸೆಂಬರ್, ಶನಿವಾರ. ಬಾಗೇವಾಡಿ

ಇದೊಂದು ಕ್ಲಾಸು ತಪ್ಪಿಸಲಾಗಲಿಲ್ಲ, ಹಾಲ್ ಬಾಡಿಗೆಯದು. ಬೆಳಿಗ್ಗೆ ಕಾಕುಗೆ 'ಇನ್ ಫ್ರಂಟ್ ಆಫ್ ಯೂ' ಕಲಿಸಿ ಬಸ್ಸು ಹತ್ತಿದೆ.

ಇಲ್ಲಿ ಸುಮ್ಮನೆ ಒಂದು ಪರೀಕ್ಷೆ ಮಾಡಿದೆ. ಹೊಸ ಬ್ಯಾಚು, ಮೊದಲ ದಿನ. ಪುಸ್ತಕ ಮುಚ್ಚಿಸಿ, ನಿಮ್ಮೂರಲ್ಲಿ ಕುರಿ ಎಷ್ಟಿವೆ ಅಂತ ಕೇಳಿದೆ. ಬಾಗಿಲ ಹತ್ತಿರ ಕೂತ ಹುಡುಗಿ, ಎದ್ದು ಓಡಲು ತಯಾರಾದವಳ ಹಾಗೆ ಕೂತಿದ್ದವಳು, "ಐವತ್ತ ಕುರಿ ಅದಾವ್ರಿ," ಅಂದಳು. ಸರ್ ಅಂದ ಮಾತನ್ನೇ ಅಂದೆ. ಅವಳು ಚೀಲ ತೊಡೆಯಿಂದ ಕೆಳಗಿಟ್ಟಳು.

ಸರ್‌ಗೆ ಹೇಳಬೇಕು ಇದನ್ನು. ಯಾವ ಭಾಷೆಯಲ್ಲಾದರೂ ಸರಿ, ಅವರಿಗೆ ತಿಳಿಯುತ್ತದೆ.

೩೦ ಡಿಸೆಂಬರ್, ಸೋಮವಾರ. ಎಳ್ಳಮಾಸಿ

ಊರು ಖಾಲಿ. ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿದ್ದಾರೆ. ಕ್ಲಾಸಿಲ್ಲ. ಕಾಕು ಬರಲಿಲ್ಲ. ಬುತ್ತಿಯಲ್ಲಿ ನನ್ನ ಪಾಲು ರಂಜನಾ ಕೈಯಲ್ಲಿ ಕಳಿಸಿದ್ದರು: ಸಜ್ಜೆ ರೊಟ್ಟಿ, ಕಾಳುಸೊಪ್ಪಿನ ಭಜ್ಜಿ, ಶೇಂಗಾ ಹೋಳಿಗೆ. ಸರ್ ಮಲಗಿಯೇ ಇದ್ದಾರೆ ಅಂದಳು. ಮನೆಯಲ್ಲಿ ಹಬ್ಬದ ದಿನವೂ ಸದ್ದಿಲ್ಲವಂತೆ. ಅತ್ತೆಯ ಬಾಯಿ ಕೇಳದೆ ಅಡುಗೆ ರುಚಿಯೇ ಹತ್ತುವುದಿಲ್ಲ ಅಂದಳು. ಒಂದು ಕಾಲಕ್ಕೆ ಆ ಬಾಯಿಗೆ ಬೇಸತ್ತು ನನ್ನ ಹತ್ತಿರ ಅತ್ತವಳು ಇವಳೇ.

ಉಳಿದದ್ದು: ಶೇಮ್. ಸೋ. ವಾಲ್. ಕೀಪ್ ಟಾಕಿಂಗ್.

ನಾಳೆ ಅಮಾಸಿ ಕಳೆಯುತ್ತದೆ.

೨ ಜನವರಿ ೨೦೨೫, ಗುರುವಾರ

ನಿನ್ನೆ 'ಶೇಮ್' ಕಲಿಸಿದೆ. ಹೇಗೆ ಕಲಿಸುವುದು ಅಂತ ಹೆದರಿದ್ದೆ. ಕಷ್ಟವಾಗಲಿಲ್ಲ. ಮೊದಲ ದಿನ ಇಲ್ಲಿ ಮೆಟ್ಟಿಲು ಹತ್ತುವಾಗ ನನ್ನ ಹುಡುಗರ ನಡುವೆ ನಿಮಗೆ ಹೇಗಾಗಿತ್ತು ಅಂತ ಕೇಳಿದೆ. "ಕಸಿವಿಸಿ. ನಾಚಿಕಿ," ಅಂದರು. ಅದು ಅಂದೆ. ಸೋ, ವಾಲ್ — ಇವೆರಡನ್ನು ನಾನು ಕಲಿಸಲಿಲ್ಲ. ಅವರೇ ಕೈಯಿಂದ ಗೋಡೆ ತೋರಿಸಿದರು.

ಇವತ್ತೂ ಸಿಂದಗಿ ತಪ್ಪಿಸಿ, ಕೀಪ್. ಬೋರ್ಡು ಬಿಟ್ಟು ಅವರ ಎದುರಿಗೆ ಕೂತೆ. ಬೀಸುವ ಕಲ್ಲು ತಿರುಗಿಸುವ ಹಾಗೆ ಕೈ ಆಡಿಸಿದೆ, ನಿಲ್ಲಿಸಲಿಲ್ಲ. ಮಾಡುತ್ತಿದ್ದುದನ್ನು ಬಿಡದೆ ಮಾಡುತ್ತಿರುವುದು ಅಂದೆ. ಟಾಕಿಂಗ್ ಗೊತ್ತಿತ್ತು ಅವರಿಗೆ. ಪಡಸಾಲೆಯಿಂದ 'ನೋ ಟಾಕಿಂಗ್' ಅಂತ ಎಷ್ಟು ಸಲ ಕೇಳಿಲ್ಲ. ಕಣ್ಣು ಮುಚ್ಚಿದರು. ಮೊದಲಿನಿಂದ ಅಂದುಕೊಂಡರು, ಈ ಸಲ ನಿಧಾನಕ್ಕೆ, ಒಂದೊಂದು ಶಬ್ದದ ಮೇಲೆ ಕೈಯಿಟ್ಟು ನೋಡಿದ ಹಾಗೆ. ಕಡೆಯ ಮಾತಿಗೆ ಬಂದಾಗ ದನಿ ಒಡೆಯಿತು.

"ಅಂದ್ರ... ನಾ ಮಾತಾಡಕೋತ ಇರಬೇಕಂತ?"

"ಹೌದ್ರಿ ಕಾಕು."

"ನಾ ಬಾಯಿ ಮುಚಗೊಂಡ ಕೂತಿದ್ನಲ್ಲ ಸುವರ್ಣಾ."

ಎದ್ದರು. ಚಪ್ಪಲಿ ಬಲಗಾಲಿನದು ಎಡಗಾಲಿಗೆ ಹೋಯಿತು, ತಿದ್ದಿಕೊಳ್ಳಲೂ ನಿಲ್ಲಲಿಲ್ಲ. ಪಾಠ ಇನ್ನೂ ಮುಗಿದಿರಲಿಲ್ಲ. ಕರೆಯಲು ಕಿಟಕಿಗೆ ಹೋದೆ. ಅಷ್ಟರಲ್ಲಿ ಸಂದಿ ತಿರುಗಿದ್ದರು.

೩ ಜನವರಿ, ಶುಕ್ರವಾರ

ಮುದ್ದೇಬಿಹಾಳ ಮುಗಿಸಿ ಇಳಿದವಳು ನೇರ ಅವರ ಮನೆಗೆ ಹೋದೆ. ಇನ್ನೂ ಬೆಳಕಿತ್ತು. ಓಣಿಯಿಂದಲೇ ಕಾಕುವಿನ ಮರಾಠಿ ಕೇಳಿಸಿತು. ನಿಲ್ಲದ ಮರಾಠಿ. ಬಾಗಿಲಲ್ಲಿ ರಂಜನಾ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಜಾಗ ಮಾಡಿಕೊಟ್ಟಳು. "ನಿನ್ನಿಯಿಂದ ಹಿಂಗ ನಡದದ್ರಿ," ಅಂದಳು, ತಗ್ಗಿದ ದನಿಯಲ್ಲಿ.

ಒಳಗೆ ಕಾಟಿನ ಅಂಚಿಗೆ ಕಾಕು. ಎಳ್ಳಮಾಸಿಯ ಭಜ್ಜಿಗೆ ಉಪ್ಪು ಹೆಚ್ಚಾಗಿತ್ತು, ಯಾರೂ ಹೇಳಲಿಲ್ಲ. ಪಕ್ಕದ ಮನೆಯವರು ಬಣ್ಣ ಹಚ್ಚಿಸಿದ್ದಾರೆ, ಕಣ್ಣು ಕುಕ್ಕುವ ಹಸಿರು. ಪಂಢರಪುರದ ತಂಗಿಗೆ ಮೊಣಕಾಲು ನೋವು, ಮಾತು ಕೇಳುವುದಿಲ್ಲ ಅವಳು. ಗಡಿಯ ಚಡಚಣದ ಕಡೆಯವಳು ನಾನು, ಮರಾಠಿ ಎಲ್ಲ ತಿಳಿಯಿತು. ಒಂದೂ ಮುಖ್ಯವಾದದ್ದಲ್ಲ. ತಿಂಗಳು ಮೀರಿ ಕೂಡಿಬಿದ್ದದ್ದು.

ಸರ್ ಗೋಡೆಗೆ ಬೆನ್ನು ಹಾಕಿ ಮಲಗಿದ್ದರು. ಮುಖ ಇತ್ತ. ಕಣ್ಣು ಆ ಬಾಯಿಯ ಮೇಲೆ. ಬಾಯಿ ಎಲ್ಲಿ ಹೋದರೆ ಅಲ್ಲಿ. ಬದನೆಕಾಯಿ ತುಟ್ಟಿಯಾಗಿದೆ ಅಂದಾಗ ನಡುವೆ "ಹೌ ಮಚ್?" ಅಂದರು. ಕಾಕು ತಡೆಯಲಿಲ್ಲ, ತಿರುಗಿ ಕೇಳಲಿಲ್ಲ. ಮರಾಠಿಯಲ್ಲಿ ಧಾರಣೆ ಹೇಳಿದರು. ಬಹಳಾಯಿತು ಅನ್ನುವ ಹಾಗೆ ಸರ್ ಹುಬ್ಬು ಏರಿಸಿದರು. ಮತ್ತೆ ಮಾತು ಹೊರಟಿತು, ಈಗ ಸಂತೆಯ ಮೇಲೆ. ಸರ್ "ಹೂಂ" ಅಂದರು. ಮತ್ತೊಮ್ಮೆ "ಹೂಂ." ಅದು ಯಾವ ಭಾಷೆಯದೋ.

ನನಗೆ ಹೇಳಲು ಬಹಳ ಇತ್ತು. ಬಾಗೇವಾಡಿಯ ಹುಡುಗಿಯದು, ಕಾಂತುವಿನದು. ಬಾಯಿ ಬಿಡಲಿಲ್ಲ. ಸರ್ ಊಟದ ಹೊತ್ತಾಗಿತ್ತು. ರಂಜನಾ ಮೊರ ಬದಿಗಿಟ್ಟು, ಊಟಕ್ಕೆ ಕರೆಯಲು ಎದ್ದಳು. ನಾನು ಅವಳ ಸೆರಗು ಹಿಡಿದು ಮತ್ತೆ ಕೂಡಿಸಿಕೊಂಡೆ. ಒಳಗೆ ಮಾತು ಇನ್ನೂ ಮುಗಿದಿರಲಿಲ್ಲ.